ಐದನೇ ಸ್ಟಾಪಿನಾಚೆ

ಶೆಫೀಲ್ಡಿನ ಒಂದು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಜನರಿಗೆ ನಿದ್ದೆ ಬರಿಸಿದ ಡಾಕ್ಟರ್ ಹರಿಪ್ರಸಾದರಿಗೆ ತಮ್ಮ ಪಾಲಿನ ನಿದ್ದೆ ಎಂದೋ ಮುಗಿದುಹೋಗಿತ್ತು. ಅರಿವಳಿಕೆ ತಜ್ಞರ ಹಣೆಬರಹವೇ ಅಷ್ಟು. ಚಾಕಲೇಟು, ಥ್ಯಾಂಕ್ಸ್ ಕಾರ್ಡು ಎಲ್ಲ ಸರ್ಜನ್ನರಿಗೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಡ್ಯೂಟಿಪಟ್ಟಿಯ ಹೊಸ ರೋಟಾ ಕಂಡರೇ ಮೈ ಭಾರವಾಗುತ್ತಿತ್ತು.

ಮದ್ದು ಏರಿಸುವಾಗ ರೋಗಿಯಿಂದ ಅಂಕಿ ಹೇಳಿಸುವುದು ಅವರ ವಾಡಿಕೆ. ಒಮ್ಮೆ ಉಕ್ಕಿನ ಕಾರ್ಖಾನೆಯ ಮುದುಕನೊಬ್ಬ, "ಅಂಕಿ ಬೇಡ, ನಮ್ಮ ಹಳೇ ಟ್ರಾಮಿನ ಸ್ಟಾಪು ಹೇಳ್ತೀನಿ" ಎಂದು ಶುರುಮಾಡಿ ಐದನೆಯದಕ್ಕೆ ನಿದ್ದೆಹೋದ. ಅಂದಿನಿಂದ ಆ ಕಡೆಯ ಹಳಬರು ಯಾರು ಬಂದರೂ ಇವರು ಕೇಳುವುದು ಅದನ್ನೇ. 1960ರಲ್ಲಿ ನಿಂತುಹೋದ ಆ ಟ್ರಾಮ್ ದಾರಿಯ ಚರಿತ್ರೆ ನಿದ್ದೆಗಣ್ಣಿನವರ ಬಾಯಿಂದ ತುಣುಕು ತುಣುಕಾಗಿ ಬಂತು: ಬೆಳಗಿನ ಐದರ ಟ್ರಾಮಿನಲ್ಲಿ ಕೂಲಿಗಳಿಗೆ ಅಗ್ಗದ ಟಿಕೆಟ್ಟು, ಏರಿನಲ್ಲಿ ಚಕ್ರ ಜಾರದಂತೆ ಹಳಿಗೆ ಸುರಿಯುತ್ತಿದ್ದ ಮರಳು, ಬಾಗಿಲ ಬಳಿಯೇ ನಿಲ್ಲಬೇಕಿದ್ದ ಮೀನಿನ ಬುಟ್ಟಿಯವಳು. ಆಮೇಲೆ ಬಸ್ಸು ಬಂತು, ಹಳಿಯ ಮೇಲೆ ಡಾಂಬರು ಬಿತ್ತು. ಎಲ್ಲ ಬರೆದಿಟ್ಟರೂ ಐದನೇ ಸ್ಟಾಪಿನಾಚೆ ಏನಿತ್ತೋ ಗೊತ್ತಾಗಲಿಲ್ಲ. ಅಲ್ಲಿಯವರೆಗೆ ಎಚ್ಚರವಿದ್ದವರೇ ಇಲ್ಲ.

"ಲೈಬ್ರರೀಲಿ ಮ್ಯಾಪ್ ಇರುತ್ತೆ ರೀ, ಹೋಗಿ ನೋಡ್ಬಾರ್ದಾ?" ಎಂದಳು ಹೆಂಡತಿ ಚಂದ್ರಿಕಾ.

"ಅದರಲ್ಲಿ ಬರೀ ಗೆರೆ ಇರುತ್ತೆ ಕಣೇ, ಜನ ಇರಲ್ಲ." ಹಟವೆಂದರೆ ಹಟ.

2013ರ ಚಳಿಗಾಲದಲ್ಲಿ ಮಿಸೆಸ್ ಸ್ಟ್ಯಾನಿಫೋರ್ತ್ ಎಂಬ ಎಂಬತ್ನಾಲ್ಕರ ಅಜ್ಜಿ ಮಂಜಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಬಂದಳು. ಅದೇ ಟ್ರಾಮಿನಲ್ಲಿ ಒಂಬತ್ತು ವರ್ಷ ಕಂಡಕ್ಟರ್ ಆಗಿದ್ದವಳು! ಶ್ವಾಸಕೋಶ ಹಾಳಾಗಿತ್ತು, ಹೃದಯವೂ ಅಷ್ಟಕ್ಕಷ್ಟೆ. ಪೂರ್ತಿ ನಿದ್ದೆ ಬರಿಸಿದರೆ ಎದ್ದಾಳೆಂಬ ಭರವಸೆಯಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗಷ್ಟೇ ಮರಗಟ್ಟಿಸಿದರೆ ಎಚ್ಚರವಿರುತ್ತಾಳೆ, ಆದರೆ ಬಿಪಿ ಕುಸಿಯಬಹುದು. ಹರಿಪ್ರಸಾದರು ಬೆನ್ನಿನ ಇಂಜೆಕ್ಷನ್ನನ್ನೇ ಆರಿಸಿದರು. ಆರಿಸಿ ನಾಲ್ಕು ಹೆಜ್ಜೆ ಹೋಗುವುದರೊಳಗೆ ಮನಸ್ಸು ಕುಟುಕಿತು: ಇದು ಅವಳ ಜೀವಕ್ಕೋ, ನನ್ನ ಆಸೆಗೋ?

ಆಪರೇಷನ್ ಥಿಯೇಟರಿನಲ್ಲಿ ಅಜ್ಜಿ ಖುಷಿಯಾಗಿಯೇ ಇದ್ದಳು. "ಹೊರಡೋಣವಾ ಡಾಕ್ಟರೇ?" ಎಂದು ಒಂದೊಂದೇ ಸ್ಟಾಪು ಕೂಗತೊಡಗಿದಳು. ಐದನೆಯದು ದಾಟಿತು. ಅಷ್ಟರಲ್ಲಿ ಬಿಪಿ ಇಳಿಯಿತು. ಎಂಬತ್ತು. ಎಪ್ಪತ್ತು. ಹರಿಪ್ರಸಾದರು ಔಷಧಿ ಕೊಟ್ಟರು, ಡ್ರಿಪ್ ಜೋರಾಗಿ ಬಿಟ್ಟರು, ಅವಳ ಮಣಿಕಟ್ಟು ಹಿಡಿದೇ ನಿಂತರು. ಪರದೆಯಾಚೆ ಸರ್ಜನ್ನರ ಸುತ್ತಿಗೆ ಸದ್ದು ನಡೆದೇ ಇತ್ತು. ಅಜ್ಜಿಯ ದನಿ ತೆಳ್ಳಗಾಗಿ, ಒಂದು ಗಳಿಗೆ ನಿಂತೇಹೋಯಿತು. ಯಾವುದೋ ಸತ್ತ ಟ್ರಾಮಿಗಾಗಿ ಬದುಕಿದ್ದವಳನ್ನು ಕೊಂದೆನಲ್ಲ ಎಂದುಕೊಂಡರು. ಇನ್ನೊಮ್ಮೆ ಔಷಧಿ ಕೊಟ್ಟರು. ತೊಂಬತ್ತು. ನೂರು. ದನಿ ಮರಳಿ, ನಿಧಾನವಾಗಿ ಗಟ್ಟಿಯಾಗುತ್ತ ಬಂತು.

"ಕೊನೇ ಸ್ಟಾಪು, ಎಲ್ಲಾ ಇಳೀರಿ" ಎಂದಳು ಅಜ್ಜಿ. ಆಮೇಲೆ ಚಹಾ ಕೇಳಿದಳು.

ಸಂಜೆ ಮನೆಗೆ ಬಂದು ಶೂ ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕುಳಿತ ಗಂಡನನ್ನು ಚಂದ್ರಿಕಾ ಕೇಳಿದಳು, "ಇವತ್ತಾದ್ರೂ ಗೊತ್ತಾಯ್ತಾ, ಐದನೇದಾದ್ಮೇಲೆ ಯಾವ ಸ್ಟಾಪು ಅಂತ?"

ಹರಿಪ್ರಸಾದರು ನೆನಪಿಸಿಕೊಳ್ಳಲು ನೋಡಿದರು. ಒಂದು ಹೆಸರೂ ಬರಲಿಲ್ಲ.

"ಅವಳೇನೋ ಎಲ್ಲಾ ಹೇಳಿದ್ಲು. ನಂಗೆ ಒಂದೂ ಕಿವಿಗೆ ಬೀಳ್ಲಿಲ್ಲ ಕಣೇ."

"ಪಕ್ಕದಲ್ಲೇ ಇದ್ರಲ್ಲಾ! ಏನ್ ಮಾಡ್ತಿದ್ರಿ?"

"ಬಿಪಿ ನೋಡ್ತಾ ಇದ್ದೆ" ಎಂದರು. ಬೆಳಗಿನಿಂದ ಕುಟುಕುತ್ತಿದ್ದ ಪ್ರಶ್ನೆಗೆ ತಾವೇ ಉತ್ತರ ಕೊಟ್ಟದ್ದು ಆಗ ಅವರಿಗೆ ತಿಳಿಯಿತು. ಕೈಯಲ್ಲಿ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತರು.