ಲೆಯೋನ್ಸ್ ಕಲಾಕೃತಿಯಾದದ್ದು

ನಮ್ಮೂರಿನ ಮಠದಲ್ಲಿ ಮೊದಲು ಸನ್ಯಾಸಿಗಳಿದ್ದರು, ಕೊನೆಗೆ ಲೆಯೋನ್ಸ್ ಬುರ್ದೇಯ ಹಸುಗಳಿದ್ದವು. ಈಗಿನ ಆಡಳಿತದವರು ಅತಿಥಿಗಳಿಗೆ ಹೇಳುವ ಚರಿತ್ರೆಯಲ್ಲಿ ಸನ್ಯಾಸಿಗಳು ಮಾತ್ರ ಬರುತ್ತಾರೆ. ಹಸುಗಳು ಅವರಿಗಿಂತ ಶಾಂತವಾಗಿದ್ದವು, ಬೆಣ್ಣೆಯನ್ನೂ ಕೊಟ್ಟವು. ಆದರೆ ಚರಿತ್ರೆಗೆ ಬೆಣ್ಣೆ ಬೇಕಾಗಿಲ್ಲ.

ಫ್ರಾನ್ಸಿನ ಪೆರಿಗೋರ್ ಸೀಮೆಯಲ್ಲಿ ಹಾಳುಬಿದ್ದ ಮಠಗಳಿಗೆ ಕೊರತೆಯಿಲ್ಲ. ನಮ್ಮದರ ಅದೃಷ್ಟಕ್ಕೆ ಪ್ಯಾರಿಸ್ಸಿನ ಶ್ರೀಮಂತರೊಬ್ಬರ ಕಣ್ಣು ಅದರ ಮೇಲೆ ಬಿತ್ತು. ಅದನ್ನು ದುಬಾರಿ ಹೋಟೆಲು ಮಾಡಲು ಐದಾರು ವರ್ಷ ಕೆಲಸ ನಡೆಯಿತು. ಚಾವಣಿಯಿಂದ ಉದುರಿ ಪ್ರಾರ್ಥನಾ ಮಂದಿರದಲ್ಲಿ ಬಿದ್ದಿದ್ದ ಕಲ್ಲುಗಳನ್ನೆಲ್ಲ ಲಾರಿಗಳಲ್ಲಿ ತುಂಬಿ ಹೊರಗೆ ಸಾಗಿಸಿದರು. ಆಮೇಲೆ ಹೆಸರಾಂತ ಕಲಾವಿದನೊಬ್ಬ ಬಂದು, ಬೇರೆ ಕಡೆಯಿಂದ ಅಂಥದ್ದೇ ಕಲ್ಲು ತರಿಸಿ, ಅದೇ ಜಾಗದಲ್ಲಿ ಗುಡ್ಡೆ ಹಾಕಿ, ‘ಕುಸಿತ’ ಎಂದು ಹೆಸರಿಟ್ಟ. ಅದರ ಮುಂದೆ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಹಿಂದೆ ಆ ಗುಡ್ಡೆಯ ಮುಂದೆ ಉಸಿರು ಬಿಗಿಹಿಡಿಯುತ್ತಿದ್ದವನು ಲೆಯೋನ್ಸ್ ಒಬ್ಬನೇ, ಇನ್ನೊಂದು ಕಲ್ಲು ತನ್ನ ತಲೆಯ ಮೇಲೆ ಬೀಳದಿರಲಿ ಎಂದು.

ಸನ್ಯಾಸಿಗಳ ಕೋಣೆಗಳಲ್ಲಿ ಈಗ ಹಂಸತೂಲಿಕಾತಲ್ಪಗಳಿವೆ. ಅತಿಥಿಯನ್ನು ದೇವರಂತೆ ಬರಮಾಡಿಕೊಳ್ಳಬೇಕು ಎಂಬ ಹಳೆಯ ನಿಯಮವನ್ನು ಹೆಬ್ಬಾಗಿಲ ಮೇಲೆ ಹೊಸದಾಗಿ ಕೆತ್ತಿಸಿದ್ದಾರೆ. ಅದರ ಕೆಳಗೆ ಬೀಗ.

ಆ ಬೀಗವೇ ಲೆಯೋನ್ಸನ ಸಂಕಟ. ಹೆಂಡತಿ ಐರೇನ್‌ಳನ್ನು ಮಣ್ಣು ಮಾಡಿರುವುದು ಮಠದ ಹಿಂದಿನ ಊರ ಸ್ಮಶಾನದಲ್ಲಿ. ಹೆಬ್ಬಾಗಿಲ ಪಕ್ಕದ ಅವನ ಮನೆಯಿಂದ ಹೊರಟು, ಮಠದ ಕಂಬಸಾಲಿನ ಅಂಗಳ ದಾಟಿದರೆ ಅವಳ ಸಮಾಧಿ. ದಿನಾ ಬೆಳಿಗ್ಗೆ ನೀರಿನ ಡಬ್ಬಿ ಹಿಡಿದು ಹೋಗುತ್ತಿದ್ದ. ಹೂಗಿಡಕ್ಕೆ ನೀರೆರೆದು, ಊರ ಸುದ್ದಿ ಹೇಳಿ ಬರುತ್ತಿದ್ದ. ಈಗ ಆ ಅಂಗಳ ಧ್ಯಾನದ ಜಾಗ. ಊರವರು ರಸ್ತೆಯಲ್ಲಿ ಬಳಸಿಕೊಂಡು ಹೋಗಬೇಕು. ಉಳಿದವರಿಗೆ ಕಾರಿದೆ, ಲೆಯೋನ್ಸನಿಗೆ ಇರುವುದು ಕೆಟ್ಟುಹೋದ ಮಂಡಿ. ಒಂದು ಬೇಸಿಗೆಯಲ್ಲಿ ಅವನು ನಾಲ್ಕೈದು ಸಲವಷ್ಟೇ ಸಮಾಧಿ ಮುಟ್ಟಿದ. ಹೂಗಿಡ ಒಣಗಿತು.

ಅವನು ಕೂಗಾಡಲಿಲ್ಲ. ದಿನಾ ಬೆಳಿಗ್ಗೆ ಡಬ್ಬಿ ಹಿಡಿದು ಬಂದು, ಬೀಗ ಹಾಕಿದ ಬಾಗಿಲ ಮುಂದೆ ಸುಮ್ಮನೆ ನಿಲ್ಲುತ್ತಿದ್ದ. ಅತಿಥಿಗಳಿಗೆ ಬಾಗಿಲು ತೆರೆದಾಗ ಅವರ ಕಾರುಗಳು ಅವನನ್ನು ಬಳಸಿಕೊಂಡು ಒಳಗೆ ಹೋಗಬೇಕಾಗುತ್ತಿತ್ತು. ಇದು ಮಠದ ವ್ಯವಸ್ಥಾಪಕಿ ಸಿಬೀಲ್ ಮೇಡಮ್ಮಿಗೆ ಸರಿಕಾಣಲಿಲ್ಲ. ಬಹಳ ಸಂಸ್ಕಾರವಂತೆ, ಬಯ್ಯುವ ಬದಲು ಊಟಕ್ಕೆ ಕರೆದಳು.

ಕಾಫಿ ಅಂಗಡಿಯ ಝೆಲೀ, ಐರೇನ್‌ಳ ತಂಗಿ, ಭಾವನ ಕೋಟಿಗೆ ಇಸ್ತ್ರಿ ಹಾಕುತ್ತ ಎಚ್ಚರಿಸಿದಳು: “ಭಾವ, ಅವ್ರು ನಿಮ್ಮ ಬಾಯಲ್ಲಿ ದಾರಿ ಬೇಡ ಅನ್ನಿಸೋಕೇ ಕರೆದಿರೋದು. ಹೂಂ ಅಂದು ಬಂದೀರ ಮತ್ತೆ. ಇನ್ನೊಂದು, ಅಲ್ಲಿ ದೊಡ್ಡ ಮನುಷ್ಯರ ಮುಂದೆ ಶಾಬ್ರೋ ಗೀಬ್ರೋ ಮಾಡಿ ನಮ್ಮ ಮಾನ ಕಳೀಬೇಡಿ.”

ನಮ್ಮ ಕಡೆ ಸೂಪು ಮುಗಿಯುವ ಹೊತ್ತಿಗೆ, ಬಟ್ಟಲ ತಳದಲ್ಲಿ ಉಳಿದ ಬಿಸಿಗೆ ಕೆಂಪು ದ್ರಾಕ್ಷಾರಸ ಸುರಿದು, ಅಲ್ಲಾಡಿಸಿ, ಎರಡೂ ಕೈಯಲ್ಲಿ ಎತ್ತಿ ಸೊರ್ರೆಂದು ಕುಡಿಯುತ್ತೇವೆ. ಅದೇ ಶಾಬ್ರೋ. ಲೆಯೋನ್ಸ್ ಎರಡಕ್ಕೂ ಮಾತು ಕೊಟ್ಟು ಹೊರಟ.

ಊಟಕ್ಕೆ ಕೂರಿಸಿದ್ದು ಅವನ ಹಸು ಮಿರಾಬೆಲ್‌ಳನ್ನು ಕಟ್ಟುತ್ತಿದ್ದ ಜಾಗದಲ್ಲೇ. ಗೊಂತಿದ್ದ ಕಡೆ ತುಕ್ಕು ಹಿಡಿದ ಕಬ್ಬಿಣದ ದೊಡ್ಡ ಬಳೆಯೊಂದು ನೇತಾಡುತ್ತಿತ್ತು. ಅದರ ಹೆಸರು ‘ಅನಂತ’. ಕುರ್ಚಿ ಮೆತ್ತಗಿತ್ತು. ಲೋಟ ಖಾಲಿಯಾಗಲು ಯಾರೂ ಬಿಡುತ್ತಿರಲಿಲ್ಲ. ಇಂಥ ಉಪಚಾರ ಅವನ ಮದುವೆಯಲ್ಲೂ ಆಗಿರಲಿಲ್ಲ. ರಸ್ತೆಯಲ್ಲಿ ನಡೆದರೆ ಮಂಡಿಗೂ ವ್ಯಾಯಾಮವಾಗುತ್ತದೆ ಎಂದು ಸಿಬೀಲ್ ಜೇನಿನಂಥ ದನಿಯಲ್ಲಿ ವಿವರಿಸಿದಳು. ಅವನು ತಲೆ ತಗ್ಗಿಸಿದ. ಇನ್ನೊಂದು ಲೋಟ ಬಂದಿದ್ದರೆ ಹೂಂ ಅಂದೇಬಿಡುತ್ತಿದ್ದ ಎಂದು ಆಮೇಲೆ ತಾನೇ ಒಪ್ಪಿಕೊಂಡ.

ಲೋಟದ ಬದಲು ಸೂಪು ಬಂತು. ಬೆಳ್ಳುಳ್ಳಿ, ಬಾತುಕೋಳಿ ಕೊಬ್ಬು, ಹುಳಿಯ ಒಂದು ಎಳೆ, ಐರೇನ್ ಮಾಡುತ್ತಿದ್ದದ್ದೇ. ಲೆಯೋನ್ಸ್ ಬಟ್ಟಲಿಗೆ ಬಗ್ಗಿ ಉಂಡ. ತಳ ಕಾಣುವ ಹೊತ್ತಿಗೆ ಕೈ ತಾನಾಗಿ ಹೋಯಿತು. ತನಗಿಂತ ಸ್ವಲ್ಪವೇ ಕಿರಿಯದಾದ ದ್ರಾಕ್ಷಾರಸವನ್ನು ಬಟ್ಟಲಿಗೆ ಸುರಿದು, ಎತ್ತಿ, ಪಕ್ಕದ ಮೇಜುಗಳಿಗೆಲ್ಲ ಕೇಳುವಂತೆ ಕುಡಿದ.

ಬಡಿಸುವವನ ಮುಖ ಸತ್ತವರ ಮನೆಗೆ ಬಂದವನ ಹಾಗಾಯಿತು. ಪಕ್ಕದ ಮೇಜಿನ ಪ್ಯಾರಿಸ್ಸಿನ ಹೆಂಗಸು ಮಾತ್ರ, ಇದು ಯಾವ ಪ್ರಯೋಗ ಎಂದು ಕೇಳಿದಳು.

“ಪ್ರಯೋಗ ಅಲ್ಲಮ್ಮ,” ಎಂದು ಲೆಯೋನ್ಸ್ ಮೀಸೆ ಒರೆಸಿಕೊಂಡ. “ಅಡಿಗೆ ಚೆನ್ನಾಗಿದೆ ಅಂತ ಹೇಳೋದು ಹೀಗೇನೇ. ಮಾಡ್ಲಿಲ್ಲ ಅಂದ್ರೆ ನನ್ನ ಹೆಂಡ್ತಿ ಎರಡು ದಿನ ಮಾತು ಬಿಡ್ತಿದ್ಲು.”

ಹೆಂಗಸು ತನ್ನ ಬಟ್ಟಲಿಗೂ ಸುರಿದಳು, ಅವಳ ಗಂಡನೂ ಸುರಿದ. ಸ್ವಲ್ಪ ಹೊತ್ತಿನಲ್ಲಿ ‘ಅನಂತ’ದ ಕೆಳಗೆ ರೇಷ್ಮೆ ಅಂಗಿಗಳ ಮೇಲೆಲ್ಲ ಕೆಂಪು ಹನಿ. ನಮ್ಮಜ್ಜಂದಿರನ್ನು ಕೊಳಕರು ಎಂದದ್ದು ಇಂಥದ್ದಕ್ಕೇ. ಇವರು ಅದನ್ನು ಅನುಭವ ಎಂದರು. ಸಿಬೀಲ್‌ಗೆ ಜ್ಞಾನೋದಯವಾಗಲು ತಡವಾಗಲಿಲ್ಲ. ಪ್ರತಿ ಶನಿವಾರ ಬಂದು ಅತಿಥಿಗಳ ಮುಂದೆ ಹೀಗೇ ಕುಡಿಯಬಹುದೇ ಎಂದು ಕೇಳಿದಳು.

“ದಿನಾ ಬೆಳಿಗ್ಗೆ ಬಾಗ್ಲು ತೆಗೀರಿ, ಬರ್ತೀನಿ.”

“ಅಂಗಳ ಧ್ಯಾನಕ್ಕೆ ಮೀಸಲು, ಮಿಸ್ಯೂ ಬುರ್ದೇ.”

“ನಾನೇನು ಹಾಡ್ಕೊಂಡು ಹೋಗ್ತೀನಾ? ಅವ್ಳ ಹತ್ರ ಹೋಗೋನು ನಾನು.”

ಮರುದಿನ ಬೀಗ ತೆಗೆದರು. ಜೊತೆಗೆ, ಅತಿಥಿಗಳಿಗೆ ಗಲಿಬಿಲಿಯಾಗದಿರಲೆಂದು, ಕಂಬಸಾಲಿನ ಬಳಿ ಅಂದವಾದ ಸಣ್ಣ ಫಲಕ: ‘ನಡೆಯುವ ಮುದುಕ. ದಯವಿಟ್ಟು ಮೌನವಾಗಿ ವೀಕ್ಷಿಸಿ.’

ಈಗ ಬೆಳಿಗ್ಗೆ ಲೆಯೋನ್ಸ್ ಡಬ್ಬಿ ಹಿಡಿದು ಕುಂಟುತ್ತ ಬಂದರೆ, ಧ್ಯಾನಕ್ಕೆ ಕೂತವರು ಎದ್ದು ದಾರಿ ಬಿಡುತ್ತಾರೆ. ಡಬ್ಬಿ ಯಾವುದರ ಸಂಕೇತ ಎಂದು ಪಿಸುಗುಟ್ಟುತ್ತಾರೆ. ಒಮ್ಮೆ ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಅವನು ಟೋಪಿ ಎತ್ತಿ ಮುಂದೆ ನಡೆದ.

ಫಲಕ ಕಿತ್ತು ಹಾಕಿ ಎಂದು ಝೆಲೀ ರೇಗಿದಳು. “ನಿಮ್ಮನ್ನ ಆ ಕಲ್ಲುಗುಡ್ಡೆ ಜೊತೆ ಸೇರಿಸಿದಾರಲ್ಲ, ನಾಚ್ಕೆ ಆಗಲ್ವಾ?”

ಕಿತ್ತರೆ ಬೀಗ ಮತ್ತೆ ಬೀಳುತ್ತದೆಂದು ಲೆಯೋನ್ಸನಿಗೆ ಗೊತ್ತು. “ಇರ್ಲಿ ಬಿಡೇ,” ಎಂದ. “ನಿಮ್ಮಕ್ಕ ಬದುಕಿರೋವರ್ಗೂ ನನ್ನನ್ನ ನೋಡೋಕೆ ಏನಿದೆ ಅಂತಿದ್ಲು. ಪ್ಯಾರಿಸ್ಸಿಂದ ಬಂದು ನೋಡ್ತಾರೆ ಕಣೇ ಅಂತ ಈಗ ದಿನಾ ಅವ್ಳಿಗೆ ಹೇಳ್ತಾ ಇದೀನಿ.”

ಹೂಗಿಡ ಚಿಗುರಿದೆ.