ದೊರೆಸಾನಿಗೊಂದು ಎಡೆ

ವೈಟ್‌ಫೀಲ್ಡಿನಲ್ಲಿ, ಊರು ಕಟ್ಟಿದ ಆಂಗ್ಲೋ-ಇಂಡಿಯನ್ನರ ಹಳೇ ಸ್ಮಶಾನದ ಪಕ್ಕ ಕೇಬಲ್‌ಗೆ ಗುಂಡಿ ತೋಡಿಸಲು ಹೋಗಿದ್ದೆ. ಎದುರು ಮನೆಯ ಮುನಿಯಮ್ಮ ಒಂದು ಗೋರಿಯ ಮೇಲೆ ಬಾಳೆಲೆ ಹಾಸಿ ಕೇಕ್ ಇಡುತ್ತಿದ್ದರು.

"ಪಿತೃಪಕ್ಷ ಅಲ್ವಾ ಸಾರ್. ಈ ಗೋರಿ ದೊರೆಸಾನಿ ಮನೆಯೋರೆಲ್ಲ ಆಸ್ಟ್ರೇಲಿಯಾ ಸೇರ್ಕೊಂಡ್ರು. ಎಡೆ ಇಡ್ದಿದ್ರೆ ಆಯಮ್ಮ ರಾತ್ರಿ ಬಂದು ನಮ್ಮ ಗೇಟು ಅಲ್ಲಾಡಿಸ್ತಾಳೆ. ಜನ ದೆವ್ವ ಅಂತಾರೆ, ಪಾಪ, ಹಸಿವು ಅಷ್ಟೆ. ಕಾಗೆ ಮುಟ್ಟೋಗಂಟ ಗುದ್ದಲಿ ಹಾಕ್ಬೇಡಿ."

ಕಾಗೆಗಳು ಮರ ಬಿಟ್ಟು ಇಳಿಯಲಿಲ್ಲ. ನನ್ನ ಆಳುಗಳೂ ನೆರಳಲ್ಲಿ ಕೂತುಬಿಟ್ಟರು.

"ಟೀ ಮರ್ತೇಬಿಟ್ಟೆ," ಅಂದರು ಮುನಿಯಮ್ಮ. "ಟೀ ಇಲ್ದೆ ಆಯಮ್ಮ ಕೇಕ್ ಮುಟ್ಟಲ್ಲ."

ನನ್ನ ಫ್ಲಾಸ್ಕಿನ ಟೀಯನ್ನೇ ಮುಚ್ಚಳಕ್ಕೆ ಬಗ್ಗಿಸಿ ಇಟ್ಟೆ. ಕಾಗೆ ಬಂತು, ಕೆಲಸ ಶುರುವಾಯಿತು.

ನನಗೆ ಶುಗರ್, ಹಾಗಾಗಿ ಟೀಗೆ ಸಕ್ಕರೆ ಹಾಕಿರಲಿಲ್ಲ. ಆದರೂ ಅವತ್ತು ರಾತ್ರಿ ಗೇಟು ಅಲ್ಲಾಡಲಿಲ್ಲವಂತೆ. ದೊರೆಸಾನಿಗೂ ಶುಗರ್ ಇದ್ದಿರಬೇಕು.