ರಂಗೇಗೌಡರ ಜೀಪಿನ ಬಲಗಡೆ ಸೀಟು

ರಂಗೇಗೌಡರು ಜೀಪಿನಲ್ಲಿ ಒಬ್ಬರೇ ಇದ್ದರೆ ಮುಂದಿನ ಗಾಡಿಯನ್ನು ದಾಟುತ್ತಿರಲಿಲ್ಲ. ಮುಂದೆ ಹೊಗೆಸೊಪ್ಪಿನ ಟ್ರ್ಯಾಕ್ಟರ್ ಇರಲಿ, ಹುಲ್ಲು ಹೇರಿದ ಎತ್ತಿನ ಗಾಡಿ ಇರಲಿ, ಅದರ ಬಾಲ ಹಿಡಿದುಕೊಂಡು ಊರು ಬರುವ ತನಕ ಹೋಗುತ್ತಿದ್ದರು. ಹಿಂದಿನ ಬಸ್ಸುಗಳು ಹಾರ್ನ್ ಹೊಡೆದು ಹೊಡೆದು ಬೇಸತ್ತು, ಜೀಪನ್ನೂ ಟ್ರ್ಯಾಕ್ಟರನ್ನೂ ಒಟ್ಟಿಗೇ ದಾಟಿಕೊಂಡು ಹೋಗುತ್ತಿದ್ದವು. ಬೈಕಿನವರು ಬಗ್ಗಿ ನೋಡಿ ನಗುತ್ತಿದ್ದರು. ಗೌಡರದು ಹೆದರಿಕೆಯಲ್ಲ. ಅವರ ಜೀಪಿನ ಸ್ಟೇರಿಂಗು ಎಡಗಡೆಗಿತ್ತು.

ಎಡಗಡೆ ಕೂತು ಓಡಿಸುವವನಿಗೆ ನಮ್ಮ ರಸ್ತೆಗಳಲ್ಲಿ ಮುಂದಿನ ಗಾಡಿಯ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಎದುರಿನಿಂದ ಏನು ಬರುತ್ತಿದೆ ಎಂದು ನೋಡಬೇಕಾದರೆ ಬಲಗಡೆ ಸೀಟಿನಲ್ಲಿ ಇನ್ನೊಬ್ಬರು ಇರಬೇಕು, ಅವರು ಕತ್ತು ಚಾಚಿ ನೋಡಿ ಹೇಳಬೇಕು. ಹಾಗಾಗಿ ಆ ಸೀಟಿನಲ್ಲಿ ಕೂತವರು ಸುಮ್ಮನೆ ಕೂತು ಬರುವ ಹಾಗಿರಲಿಲ್ಲ. ಅವರಿಗೆ ಕೆಲಸವಿತ್ತು.

ಈ ಎಡಗಡೆ ಸ್ಟೇರಿಂಗಿನ ಚರಿತ್ರೆಯನ್ನು ಗೌಡರು ಹತ್ತಿದವರಿಗೆಲ್ಲ ಹೇಳುತ್ತಿದ್ದರು. ಕೇಳಿದ್ದೇವೆ ಎಂದರೂ ಬಿಡುತ್ತಿರಲಿಲ್ಲ. "ಇದು ಯುದ್ಧಕ್ಕೆ ಅಂತ ಉಟ್ಟಿದ್ ಗಾಡಿ ಕಣಮ್ಮ. ಅಮೇರಿಕದೋರು ಮಾಡ್ಕಂಡಿದ್ದು. ಅವ್ರ ದೇಶ್ದಲ್ಲಿ ಗಾಡಿಗಳು ರೋಡಿನ್ ಬಲಕ್ಕೇ ಓಡ್ತವಂತೆ. ಯುದ್ಧ ಮುಗುದ್ ಮ್ಯಾಲೆ ಬೊಂಬಾಯಲ್ಲಿ ಜೋಡ್ಸಕ್ಕೆ ಸುರು ಮಾಡುದ್ರು. ಮೊದಮೊದ್ಲು ಬಂದವೆಲ್ಲಾ ಇಂಗೇಯ. ರೋಡು ನಮ್ದು, ಸ್ಟೇರಿಂಗು ಅವ್ರದು!" ಕೊಡಗಿನ ಯಾವುದೋ ಕಾಫಿ ತೋಟದಲ್ಲಿ ದುಡಿದು ಬಣ್ಣ ಕಳೆದುಕೊಂಡಿದ್ದ ಅದನ್ನು ಗೌಡರ ತಂದೆ ತಂದರಂತೆ. ಗೌಡರು ಅದರಲ್ಲೇ ಗಾಡಿ ಕಲಿತರು, ಅದರಲ್ಲೇ ಮದುವೆಯ ದಿಬ್ಬಣ ಹೋದರು, ಹೆಣ್ಣುಮಕ್ಕಳಿಬ್ಬರನ್ನೂ ಅದರಲ್ಲೇ ಗಂಡನ ಮನೆಗೆ ಬಿಟ್ಟು ಬಂದರು. ಪೆಟ್ರೋಲ್ ಇಂಜಿನ್ ಹೋಗಿ ಡೀಸೆಲ್ ಇಂಜಿನ್ ಬಂತು, ಟಾಪು ಹರಿದು ಹೊಸ ಟಾಪು ಬಂತು, ಸ್ಟೇರಿಂಗು ಮಾತ್ರ ಇದ್ದಲ್ಲೇ ಇತ್ತು.

ನಾನು ಹೊಳೆನರಸೀಪುರದವಳು. ಕೊಣನೂರಿನ ಹೈಸ್ಕೂಲಿಗೆ ಲೆಕ್ಕದ ಟೀಚರಾಗಿ ವರ್ಗವಾದಾಗ ರಾಮನಾಥಪುರದಲ್ಲಿ, ಹೊಳೆಯ ಹತ್ತಿರ, ಬಾಡಿಗೆಗೆ ಮನೆ ಹಿಡಿದೆ. ಅಮ್ಮ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಮದುವೆಯ ಮಾತನ್ನು ನೆಂಟರು ಆಡಿ ಆಡಿ ತಾವಾಗಿಯೇ ನಿಲ್ಲಿಸಿದ್ದರು. ಬೆಳಿಗ್ಗೆ ಎದ್ದಾಗಿನಿಂದ ಸ್ಕೂಲಿಗೆ ಹೋಗುವ ತನಕ ನನ್ನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ, ಆಡಲಿಕ್ಕೆ ಯಾರೂ ಇರಲಿಲ್ಲ.

ಮೊದಲ ವಾರದಲ್ಲೇ ಒಂದು ದಿನ ಬಸ್ಸು ತಪ್ಪಿತು. ಏನು ಮಾಡುವುದೆಂದು ತೋಚದೆ ನಿಂತಿದ್ದಾಗ ಗಡಗಡ ಸದ್ದು ಮಾಡುತ್ತಾ ಬಾಗಿಲಿಲ್ಲದ ಜೀಪೊಂದು ಬಂದು ನಿಂತಿತು. ಬಿಳಿ ಅಂಗಿ, ಪಂಚೆ, ಹೆಗಲ ಮೇಲೆ ಟವೆಲು, ಅರವತ್ತು ದಾಟಿದ ದಪ್ಪ ಮೀಸೆಯವರು. "ಅತ್ತಿ ಟೀಚರಮ್ಮ, ಕೊಣನೂರ್ಗೇ ಓಯ್ತಾ ಇವ್ನಿ" ಎಂದರು. ನಾನು ಅಭ್ಯಾಸದಂತೆ ಎಡಗಡೆಗೆ ಹೋದೆ. ಅಲ್ಲಿ ಅವರೇ ಕೂತಿದ್ದರು. "ನಿಮ್ದು ಆಚೆ ಕಡೆ" ಎಂದು ನಕ್ಕರು.

ಊರು ದಾಟುತ್ತಿದ್ದ ಹಾಗೆ ಮುಂದೆ ಒಂದು ಟ್ರ್ಯಾಕ್ಟರ್ ಸಿಕ್ಕಿತು. "ನೋಡಿ ಟೀಚರಮ್ಮ, ಎದುರ್ಗೆ ಏನಾರ ಬತ್ತಾ ಐತಾ?" ನಾನು ಕಂಬಿ ಹಿಡಿದು ಬಗ್ಗಿ ನೋಡಿದೆ. ದೂರದಲ್ಲಿ ಒಂದು ಲಾರಿ ಕಂಡಿತು. ಅದರ ವೇಗ ಎಷ್ಟಿರಬಹುದು, ನಮ್ಮದೆಷ್ಟು, ನಡುವೆ ಎಷ್ಟು ದೂರ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ. "ಒಂದು ಲಾರಿ ಇದೆ, ಆದರೆ ಸಾಕಷ್ಟು ದೂರದಲ್ಲಿದೆ, ಬಹುಶಃ..." ಎನ್ನುವಷ್ಟರಲ್ಲಿ ಲಾರಿ ನಮ್ಮನ್ನು ದಾಟಿ ಹೋಗಿಯೇಬಿಟ್ಟಿತು.

"ಬವುಸ ಅನ್ಬ್ಯಾಡಿ ತಾಯಿ" ಎಂದರು ಗೌಡರು. "ಬುಡಿ ಅನ್ನಿ, ಇಲ್ಲಾ ಬ್ಯಾಡ ಅನ್ನಿ. ಎರಡ್ರಲ್ಲಿ ಒಂದು. ನಮ್ಮನೆಯೋಳು ಇಷ್ಟ್ ವರ್ಸ ಅಷ್ಟೇ ಏಳ್ತಾ ಇದ್ದಿದ್ದು."

ಆ ಸೀಟು ಅವರ ಹೆಂಡತಿ ಚಿಕ್ಕತಾಯಮ್ಮನವರದು. ಆಕೆ ತೀರಿಕೊಂಡ ಮೇಲೆ ಗೌಡರು ಅದನ್ನು ದಾರಿಯಲ್ಲಿ ನಿಂತವರಿಗೆಲ್ಲ ಬಿಟ್ಟುಕೊಟ್ಟರು. ಸಂತೆಗೆ ಹೋಗುವವರು, ಹರಾಜಿಗೆ ಹೊಗೆಸೊಪ್ಪು ತಂದವರು, ಆಸ್ಪತ್ರೆಗೆ ಹೊರಟ ಬಸುರಿ ಹೆಂಗಸರು, ಯಾರು ಕೈ ಅಡ್ಡ ಹಿಡಿದರೂ ನಿಲ್ಲಿಸುತ್ತಿದ್ದರು. ಯಾರ ಕೈಯಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಬಲಗಡೆ ಕೂತು ನೋಡಿ ಹೇಳಿದರೆ ಸಾಕು. ಆ ಸೀಟಿನಲ್ಲಿ ಕೂತು "ಬುಡಿ" ಎಂದವರು ಸುತ್ತಿನ ಹಳ್ಳಿಗಳಲ್ಲಿ ಮನೆಗೊಬ್ಬರಾದರೂ ಇದ್ದರು. "ಇದು ಚಕ್ರ ಇರೋ ಅರಳೀಕಟ್ಟೆ ಕಣಮ್ಮ" ಎನ್ನುತ್ತಿದ್ದರು ಗೌಡರು.

ಆಮೇಲೆ ಒಬ್ಬೊಬ್ಬರಾಗಿ ಬೈಕು ಕೊಂಡರು. ಹಳ್ಳಿಹಳ್ಳಿಗೆ ಆಟೋ ಬಂತು. ಕಡೆಗೆ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು. ಗೌಡರು ಅದನ್ನು ತಮಾಷೆ ಮಾಡಿಕೊಂಡೇ ಹೇಳಿದರು: "ಸರ್ಕಾರಕ್ಕೂ ನಂಗೂ ಈಗ ಪೈಪೋಟಿ ಟೀಚರಮ್ಮ. ನಾನೂ ಪುಕ್ಕಟೆ, ಅವ್ರೂ ಪುಕ್ಕಟೆ. ಆದ್ರೆ ಅವ್ರ ಬಸ್ಸಲ್ಲಿ ಬಾಗ್ಲೈತೆ." ನಾನು ನಕ್ಕೆ. ಅವರು ನಗಲಿಲ್ಲ. ಅವರ ಮನೆಯಲ್ಲಿ ಜನಕ್ಕೇನೂ ಕಡಿಮೆಯಿರಲಿಲ್ಲ, ತಮ್ಮ ಕೃಷ್ಣೇಗೌಡರ ಸಂಸಾರವೆಲ್ಲ ಜೊತೆಗೇ ಇತ್ತು. ಆದರೆ ಆ ಮನೆಯಲ್ಲಿ ಎಲ್ಲರಿಗೂ ಅವರವರದೇ ಗಾಡಿಯಿತ್ತು.

ನನಗೂ ಬಸ್ಸಿತ್ತು. ಆದರೂ ಆ ಮೊದಲ ದಿನದ ನಂತರ ನಾನು ಜೀಪನ್ನೇ ಕಾಯುತ್ತಿದ್ದೆ. ಕಾರಣ ಕೇಳಿದರೆ ಹೇಳುವುದು ಕಷ್ಟ. ಆ ಜೀಪಿನ ಸುಖ ಅನುಭವಿಸಿದವರಿಗೇ ಗೊತ್ತು. ಬೇಸಗೆಯಲ್ಲಿ ಸೀರೆಯ ಬಣ್ಣವೇ ತಿಳಿಯದಷ್ಟು ಧೂಳು. ಮಳೆಗಾಲದಲ್ಲಿ ಟಾಪಿನ ಹೊಲಿಗೆಯಿಂದ ನೀರು ಸರಿಯಾಗಿ ನನ್ನ ಕತ್ತಿಗೇ ಇಳಿಯುತ್ತಿತ್ತು. ಹಳ್ಳಕ್ಕೆ ಬಿದ್ದಾಗ ತಲೆ ಟಾಪಿಗೆ ತಾಗಿ, ಕೂತಲ್ಲಿಗೇ ವಾಪಸ್ಸು ಬಂದರೆ ಪುಣ್ಯ. ಸ್ಟಾಫ್ ರೂಮಿನಲ್ಲಿ ತಲೆ ಬಾಚಿಕೊಳ್ಳುವಾಗ ಉಳಿದವರು, "ಏನ್ ಮೇಡಂ, ಯುದ್ಧಭೂಮಿಯಿಂದ ಬಂದ ಹಾಗಿದೆ" ಎಂದು ರೇಗಿಸುತ್ತಿದ್ದರು. ಇಷ್ಟೆಲ್ಲ ಇದ್ದರೂ ಬೆಳಗಿನ ಮೊದಲ ಮಾತನ್ನು ನಾನು ಆಡುತ್ತಿದ್ದುದು ಅಲ್ಲಿ. "ಬಿಡಿ ಗೌಡ್ರೇ" ಎಂದರೆ ಅವರು ಹಿಂದೆ ಮುಂದೆ ನೋಡದೆ ಜೀಪನ್ನು ನುಗ್ಗಿಸುತ್ತಿದ್ದರು. ನನ್ನ ಮಾತನ್ನು ಅಷ್ಟು ನಂಬಿದವರು ನನ್ನ ಬದುಕಿನಲ್ಲಿ ಬೇರೆ ಯಾರೂ ಇಲ್ಲ.

ಒಂದು ಮಳೆಗಾಲದ ಬೆಳಿಗ್ಗೆ ರಸ್ತೆ ಪಕ್ಕದ ಕೆಸರಿನಲ್ಲಿ ಒಂದು ಟೆಂಪೋ ಹೂತುಕೊಂಡಿತ್ತು. ಮದುವೆಗೆ ಹೊರಟ ಜನ ರೇಷ್ಮೆ ಸೀರೆ ಎತ್ತಿಕಟ್ಟಿಕೊಂಡು ದಿಕ್ಕುತೋಚದೆ ನಿಂತಿದ್ದರು. ಗೌಡರ ಮುಖ ಅರಳಿತು. ಗೇರಿನ ಪಕ್ಕದ ಗಿಡ್ಡ ಕಡ್ಡಿಗಳೆರಡನ್ನು ಎಳೆದು, "ಈಗ ನಾಕೂ ಚಕ್ರ ದುಡೀತವೆ ನೋಡಿ" ಎಂದು ನನಗೆ ಹೇಳಿ, ಹಗ್ಗ ಕಟ್ಟಿಸಿದರು. ಜೀಪು ತಿಣುಕುತ್ತಾ ನರಳುತ್ತಾ ಟೆಂಪೋವನ್ನು ರಸ್ತೆಗೆ ತಂದು ನಿಲ್ಲಿಸಿತು. ಜನ ಚಪ್ಪಾಳೆ ತಟ್ಟಿದರು, ಒಬ್ಬ ಅಜ್ಜಿ ಜೀಪಿನ ಮೂತಿಗೆ ಕೈಮುಗಿದಳು. "ನಾಕ್ ಜನ ಇದ್ರಲ್ಲೂ ಬನ್ನಿ, ಅಲ್ಲಿ ಇಕ್ಕಟ್ಟಾಯ್ತದೆ" ಎಂದು ಗೌಡರು ಕರೆದರು. "ಬ್ಯಾಡ ಬುಡಣ್ಣ, ಸೀರೆ ಕೊಳೆಯಾಯ್ತವೆ" ಎಂದು ಎಲ್ಲರೂ ಟೆಂಪೋದಲ್ಲೇ ತುಂಬಿಕೊಂಡು ಹೊರಟುಹೋದರು. ಗೌಡರು ಹಗ್ಗವನ್ನು ಸುತ್ತಿ ಸುತ್ತಿ, ಮತ್ತೆ ಬಿಚ್ಚಿ, ಮತ್ತೆ ಸುತ್ತಿ ಹಿಂದೆ ಇಟ್ಟರು.

ಕೃಷ್ಣೇಗೌಡರಿಗೆ ಅಣ್ಣನದೇ ಚಿಂತೆ. "ಅಣ್ಣ, ಒಬ್ನೇ ಓಯ್ತೀಯ, ಯಾವತ್ತಾರ ಯಾವ್ದಾರ ಲಾರಿಗೆ ಮಡಗ್ಬುಡ್ತೀಯ. ಸ್ಟೇರಿಂಗ್ನ ಬಲಕ್ಕೆ ಆಕ್ಸ್ಬುಡು, ಇಲ್ಲಾ ಗಾಡಿ ಮಾರ್ಬುಡು" ಎಂದು ಹಠ ಹಿಡಿದರು. ಮಾರುವ ಮಾತು ಕೇಳಿ ಗೌಡರು ಹೆದರಿ, ಸ್ಟೇರಿಂಗು ಬದಲಾಯಿಸಲು ಒಪ್ಪಿದರು. ಹಾಸನದಲ್ಲಿ ನನಗೆ ಟ್ರೇನಿಂಗ್ ಇದ್ದ ದಿನವೇ ಹೊರಟರು, ದಾರಿ ನೋಡಿ ಹೇಳಲು ನಾನು ಜೊತೆಗಾದೆ. ಟ್ರೇನಿಂಗ್ ಮುಗಿಸಿಕೊಂಡು ಇಬ್ಬರೂ ವರ್ಕ್‌ಶಾಪಿಗೆ ಹೋದೆವು.

ವರ್ಕ್‌ಶಾಪಿನ ಮೇಸ್ತ್ರಿ ಜೀಪನ್ನು ಸುತ್ತಿ ನೋಡಿ, "ಮಾಡ್ಕೊಡಾಣ ಬುಡಿ ಸಾ. ಪೆಡ್ಲು, ಸ್ಟೇರಿಂಗ್ ಬಾಕ್ಸು ಎಲ್ಲಾ ಈ ಕಡೀಕ್ ಬತ್ತವೆ. ಆಮೇಲೆ ನೀವೊಬ್ರೇ ಎಲ್ಲಿಗ್ ಬೇಕಾರೂ ಓಗ್ಬೋದು, ಯಾರೂ ಬೇಕಾಗಿಲ್ಲ" ಎಂದ. ಒಳ್ಳೆಯ ಮಾತನ್ನೇ ಆಡಿದ ಪಾಪ. ಗೌಡರು ಬಲಗಡೆ ಸೀಟಿನ ಮೇಲೆ ಒಂದು ಸಲ ಕೈಯಾಡಿಸಿದರು. ಆಮೇಲೆ, "ಇನ್ನೊಂದ್ ದಪ ಬತ್ತೀನಿ ಕಣಪ್ಪ" ಎಂದು ಜೀಪು ಹತ್ತಿಬಿಟ್ಟರು.

ಸಂಜೆ ವಾಪಸ್ಸು ಹೊರಟು ಕಟ್ಟಾಯ ಊರನ್ನು ದಾಟಿದೆವು. ಆಮೇಲೆ ಗೌಡರು ತಾವಾಗಿಯೇ ಶುರು ಮಾಡಿದರು.

"ಕೇಳ್ಸ್ಕಂಡ್ರಾ ಅವನ್ ಮಾತ? ಯಾರೂ ಬೇಕಾಗಿಲ್ವಂತೆ."

"ಅವನು ನಿಮ್ಮ ಅನುಕೂಲಕ್ಕೇ ಹೇಳಿದ್ದು ಗೌಡ್ರೇ."

"ಅದು ನಂಗೂ ಗೊತ್ತು. ಈಗ ನಾನ್ ಯಾರ್ನಾರ ಕರುದ್ರೆ ಅದ್ರಾಗೆ ಮರ್ವಾದಿ ಐತೆ ಟೀಚರಮ್ಮ. ಬಾರಪ್ಪ, ರೋಡ್ ಕಾಣಾಕಿಲ್ಲ, ಸೊಲ್ಪ ನೋಡೇಳು ಅಂತೀನಿ. ಸ್ಟೇರಿಂಗು ಬಲಕ್ಕೆ ಬಂದ್ಬುಟ್ರೆ ಏನಂತ ಕರೀಲಿ? ಒಬ್ನೇ ಇರಕಾಗಾಕಿಲ್ಲ, ಬಾ ಅನ್ಲಾ?"

ಮುಂದೆ ಬಸ್ಸೊಂದು ನಿಂತಿತ್ತು. ರಸ್ತೆ ನೋಡಿ "ಬಿಡಿ" ಎಂದೆ. ನಾನು ಹೇಳಬೇಕಾಗಿದ್ದ ಮಾತನ್ನೇ ಅವರು ಹೇಳಿದ್ದರು.

ಮರುವರ್ಷ ನನಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಕೇಳಿಕೊಂಡು ಆದ ವರ್ಗವಲ್ಲ, ಸ್ಕೂಲಿನಲ್ಲಿ ಮಕ್ಕಳು ಕಡಿಮೆಯಾಗಿ ಹೆಚ್ಚುವರಿ ಟೀಚರು ಎನ್ನಿಸಿಕೊಂಡೆ. ಗೌಡರಿಗೆ ಹೇಳಿದಾಗ, "ದೊಡ್ಡೂರು, ಒಳ್ಳೇದಾಯ್ತು ಬುಡಿ" ಎಂದರು. ಆಗಾಗ ಫೋನ್ ಮಾಡುತ್ತಿದ್ದೆ. ಅವರಿಗೆ ಫೋನಿನಲ್ಲಿ ಮಾತು ಬರುತ್ತಿರಲಿಲ್ಲ. ಮಳೆ ಬಂತೇ, ಊಟವಾಯಿತೇ ಎಂದು ಕೇಳಿ ಇಟ್ಟುಬಿಡುತ್ತಿದ್ದರು.

ಹೋದ ಮಳೆಗಾಲದಲ್ಲಿ ರಂಗೇಗೌಡರು ತೀರಿಕೊಂಡರು. ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. ಕೃಷ್ಣೇಗೌಡರು ಫೋನ್ ಮಾಡಿ ಹೇಳಿದರು. ಜೀಪನ್ನು ಹಾಸನದ ಯಾರೋ ತೆಗೆದುಕೊಂಡರು, ಭಾನುವಾರ ಭಾನುವಾರ ಹಳ್ಳಕೊಳ್ಳಗಳಲ್ಲಿ ಮೋಜಿಗೆ ಗಾಡಿ ಹತ್ತಿಸಿ ಇಳಿಸುವ ಗುಂಪಿನವರು. ದಪ್ಪ ಟೈರು ಹಾಕಿಸಿ, ಕೆಂಪು ಬಣ್ಣ ಬಳಿಸಿ, ಸ್ಟೇರಿಂಗನ್ನು ಬಲಕ್ಕೆ ಹಾಕಿಸಿದ್ದಾರಂತೆ. ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ.

ಗೌಡರು ತೀರಿಕೊಳ್ಳುವ ಮುಂಚೆ ಒಂದು ಸಲ ಅವರನ್ನು ಕಂಡಿದ್ದೆ. ಹಳೆಯ ವಿದ್ಯಾರ್ಥಿನಿಯೊಬ್ಬಳ ಗೃಹಪ್ರವೇಶಕ್ಕೆಂದು ಕೊಣನೂರಿಗೆ ಹೋದವಳು, ಊಟ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದೆ. ಮೂಲೆಯಲ್ಲಿ ಜೀಪು ನಿಂತಿತ್ತು. ಗೌಡರು ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟುಕೊಂಡು, ಬಂದು ಹೋಗುವ ಬಸ್ಸುಗಳನ್ನು ನೋಡುತ್ತಾ ಕೂತಿದ್ದರು. ಸೊರಗಿಹೋಗಿದ್ದರು, ಮೀಸೆಯೆಲ್ಲ ಬೆಳ್ಳಗಾಗಿತ್ತು. ನನ್ನನ್ನು ಕಂಡು, "ಯಾರು, ಟೀಚರಮ್ಮನಾ? ಅತ್ತಿ ಅತ್ತಿ" ಎಂದು ಸೀಟನ್ನು ಟವೆಲಿನಿಂದ ಒರೆಸಿದರು.

"ಏನು ಗೌಡ್ರೇ, ಯಾವ ಕೆಲಸಕ್ಕೆ ಬಂದಿದ್ರಿ?" ಎಂದೆ ರಾಮನಾಥಪುರದ ದಾರಿಯಲ್ಲಿ.

"ಕೆಲ್ಸ ಎಲ್ಲೈತೆ ಟೀಚರಮ್ಮ. ಬಸ್ ತಪ್ಪುಸ್ಕಂಡೋರು ಯಾರಾರ ಸಿಕ್ತಾರಾ ಅಂತ ಬತ್ತೀನಿ."

"ಸಿಕ್ತಾರಾ?"

"ಎಲ್ಲಿ? ಬಸ್ಗೋಳು ಈಗ ಬೋ ಸರ್ಯಾಗ್ ಬತ್ತವೆ."

ಸ್ವಲ್ಪ ದೂರ ಹೋದ ಮೇಲೆ ನನಗೆ ಹೊಳೆಯಿತು. "ಹಾಗಾದ್ರೆ ನಾನಿದ್ದಾಗ ದಿನಾ ಬೆಳಿಗ್ಗೆ ಕೊಣನೂರಿಗೆ ಬರ್ತಿದ್ರಲ್ಲ, ಅದು?"

ಗೌಡರು ರಸ್ತೆಯಿಂದ ಕಣ್ಣು ತೆಗೆಯದೆ, "ಅದೂ ಅಷ್ಟೇಯ" ಎಂದರು.

ರಾಮನಾಥಪುರ ಬಂತು. ಅಲ್ಲಿಂದ ನಾನು ಅರಕಲಗೂಡಿನ ಬಸ್ಸು ಹಿಡಿದು ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗಬೇಕಿತ್ತು. ಬಸ್ಸು ಆಗಲೇ ಬಂದು ನಿಂತಿತ್ತು, ಕಂಡಕ್ಟರು ಕೂಗುತ್ತಿದ್ದ, ಕಿಟಕಿಯ ಪಕ್ಕದ ಸೀಟುಗಳು ಖಾಲಿ ಕಾಣುತ್ತಿದ್ದವು. ಗೌಡರು ಜೀಪನ್ನು ಬಸ್ಸಿನ ಬಾಗಿಲಿಗೆ ಸರಿಯಾಗಿ ತಂದು ನಿಲ್ಲಿಸಿದರು. ನನ್ನ ಬ್ಯಾಗನ್ನು ಎತ್ತಿ ನನ್ನ ಕೈಗೆ ಕೊಟ್ಟರು.

ನಾನು ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡೆ. "ಬಸ್ಸು ತಪ್ಪಿಹೋಯ್ತಲ್ಲ ಗೌಡ್ರೇ, ಅರಕಲಗೂಡಿಗೆ ಬಿಟ್ಟುಬಿಡ್ತೀರಾ?" ಎಂದೆ.

ಗೌಡರು ಬಸ್ಸನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಗೇರು ಹಾಕಿದರು.